ಹಡಗು ಹತ್ತಿದ ಆಟಗಳು

ಮಧ್ಯಾಹ್ನದ ಸೂಟಿಯ ಗಂಟೆಯಾಯಿತೆಂದರೆ ನಮ್ಮ ಮೈಂದರ್ಗಿಯ ಹುಡುಗರು ಮೊದಲು ಮಾಡುವ ಕೆಲಸವೆಂದರೆ ಹಿಮ್ಮಡಿಯಿಂದ ಕರಿಮಣ್ಣಿನಲ್ಲಿ ಒಂದು ಗೆರೆಯನ್ನೆಳೆಯುವುದು. ಗೆರೆ ಮೂಡಿದೊಡನೆ ಎರಡು ಪಂಗಡಗಳಾಗುವವು. ಒಬ್ಬನು ಉಸಿರನ್ನು ಬಿಗಿಹಿಡಿದು ‘ಹುತುತುತು’ ಎನ್ನುತ್ತ ಗೆರೆಯನ್ನು ದಾಟುವನು. ಅಲ್ಲಿಂದ ಹತ್ತು ಮಾರು ದೂರದಲ್ಲಿ ಎರಡು ಕಂಬಗಳಿಗೆ ಕಟ್ಟಿದ ಬಲೆಯ ಮೇಲಿಂದ ದೊಡ್ಡ ಹುಡುಗರು ವಾಲಿಬಾಲ್ ಹಾರಿಸುತ್ತಿರುವರು. ಈ ಎರಡು ಆಟಗಳನ್ನು ನಾನು ದಿನಾಲು ಒಂದೇ ಮೆಟ್ಟಿಲ ಮೇಲೆ ಕುಳಿತು ನೋಡುತ್ತೇನೆ. ಒಂದು ಕಡಲು ದಾಟಿ ನಮ್ಮಲ್ಲಿಗೆ ಬಂದದ್ದು. ಇನ್ನೊಂದು ಇಲ್ಲಿಂದ ಕಡಲು ದಾಟಿ ಹೋದದ್ದು. ಹುಡುಗರಿಗೆ ಇದರ ಪರಿವೆಯಿಲ್ಲ. ವಾಲಿಬಾಲು ಪರದೇಶದ್ದೆಂದರೆ ಅವರು ನಗುವರು.

ಆದರೂ ಒಂದು ದಿನ ನಾಲ್ಕನೆಯ ಇಯತ್ತೆಯ ಹುಡುಗನೊಬ್ಬ ಕೇಳಿದ: “ಗುರುಗಳ, ನಮ್ಮ ಹುತುತು ಪರದೇಶದಾಗೂ ಆಡ್ತಾರೇನ್ರಿ?” ಆಡುತ್ತಾರೆ ಎಂದೆ. “ಹಂಗಾರ ಅವರಿಗೆ ಯಾರು ಕಲಿಸಿದ್ರಿ?” ಎಂದ. ಮೊದಲನೆಯ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರ ಕೊಡಬಹುದಾಗಿತ್ತು. ಎರಡನೆಯದಕ್ಕೆ ಉತ್ತರ ಹುಡುಕುತ್ತ ಹೊರಟವನು ಅಮೆರಿಕೆಯನ್ನು ಸುತ್ತಿ, ಹವಾನಾ, ಬರ್ಲಿನ್, ಟೋಕಿಯೋ ನಗರಗಳನ್ನು ಹಾಯ್ದು, ತಿರುಗಿ ನಮ್ಮ ಶಾಲೆಯ ಅಂಗಳಕ್ಕೇ ಬರಬೇಕಾಯಿತು. ಆ ಸುತ್ತಾಟದ ವೃತ್ತಾಂತವೇ ಈ ಲೇಖನ.

ತನ್ನ ಆಟವನ್ನು ಪರದೇಶಕ್ಕೆ ಕೊಂಡೊಯ್ಯಲು ಅಮೆರಿಕೆಯ ಕಾಲೇಜುಗಳು ಪಟ್ಟಷ್ಟು ಶ್ರಮವನ್ನು ಬೇರೆ ಯಾರೂ ಪಟ್ಟಂತಿಲ್ಲ. ಅವರು ಫುಟ್‌ಬಾಲ್ ಎಂದು ಕರೆಯುವ ಆಟವು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಚೆಂಡು ತತ್ತಿಯ ಆಕಾರದ್ದು. ಅದನ್ನು ಕಾಲಿನಿಂದ ಒದೆಯುವುದಕ್ಕಿಂತ ಕಂಕುಳಲ್ಲಿ ಅವುಚಿಕೊಂಡು ಓಡುವುದೇ ಹೆಚ್ಚು. ಹನ್ನೊಂದು ಜನ ಹನ್ನೊಂದು ಜನರೆದುರು ಒಂದು ಗೆರೆಯ ಆಚೀಚೆ ಬಾಗಿ ನಿಲ್ಲುವರು. ನಾಲ್ಕು ಸಲದ ಯತ್ನದಲ್ಲಿ ಹತ್ತು ಗಜ ಮುಂದೆ ಸಾಗಿದರೆ ಚೆಂಡು ಅವರದಾಗಿಯೇ ಉಳಿಯುವುದು, ಇಲ್ಲವಾದರೆ ಎದುರಾಳಿಗಳ ಪಾಲಾಗುವುದು. ಗೆರೆಯೊಂದನ್ನು ನಡುವೆ ಇಟ್ಟು, ಪರರ ನೆಲದೊಳಕ್ಕೆ ನುಗ್ಗಿ, ಹಿಡಿಯಬಂದವರ ಕೈಯಿಂದ ತಪ್ಪಿಸಿಕೊಳ್ಳುವ ಈ ಆಟದಲ್ಲಿ ನನಗೆ ನಮ್ಮ ಹುತುತುವಿನ ದೂರದ ನೆಂಟಸ್ತಿಕೆ ಕಾಣುತ್ತದೆ. ವ್ಯತ್ಯಾಸವೆಂದರೆ, ನಮ್ಮ ಹುಡುಗನಿಗೆ ಒಂದು ಚಡ್ಡಿ ಸಾಕು. ಅವರ ಹುಡುಗನಿಗೆ ಶಿರಸ್ತ್ರಾಣವೇನು, ಹೆಗಲಿಗೆ ಕವಚವೇನು, ಯುದ್ಧಕ್ಕೆ ಹೊರಟ ಸರದಾರನ ಸಾಮಗ್ರಿಯೆಲ್ಲ ಬೇಕು.

ಈ ಆಟದ ಹುಟ್ಟೇ ಒಂದು ವಿಚಿತ್ರ ಸಂಗತಿ. ೧೮೬೯ನೆಯ ಇಸವಿಯ ನವೆಂಬರ ೬ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ಹುಡುಗರು ಆಡಿದ ಪಂದ್ಯವನ್ನು ಅದರ ಮೊದಲ ಪಂದ್ಯವೆಂದು ಎಣಿಸುವ ವಾಡಿಕೆಯುಂಟು. ಆದರೆ ಅಂದು ಒಂದೊಂದು ಕಡೆಗೆ ಇಪ್ಪತ್ತೈದು ಜನರಿದ್ದು, ಚೆಂಡನ್ನು ಎತ್ತಿಕೊಂಡು ಓಡುವಂತಿರಲಿಲ್ಲ. ಇಂದಿನ ರೂಪದ ಬೀಜ ಬಿದ್ದದ್ದು ೧೮೭೪ರ ಮೇ ತಿಂಗಳಿನಲ್ಲಿ. ಅದೂ ಪರದೇಶದಿಂದ ಬಂದ ವಿದ್ಯಾರ್ಥಿಗಳ ಮೂಲಕ. ಕೆನಡಾದ ಮಾಂಟ್ರಿಯಲ್ಲಿನಿಂದ ಮೆಗಿಲ್ ವಿಶ್ವವಿದ್ಯಾಲಯದ ಹುಡುಗರು ಹಾರ್ವರ್ಡಕ್ಕೆ ಬಂದರು. ಮೊದಲನೆಯ ದಿನ ಹಾರ್ವರ್ಡಿನವರ ನಿಯಮದಂತೆಯೂ, ಮರುದಿನ ಮೆಗಿಲ್ಲಿನವರು ತಂದ ರಗ್ಬಿಯ ನಿಯಮದಂತೆಯೂ ಆಟ ನಡೆಯಿತು. ಮರುದಿನದ ಆಟದಲ್ಲಿ ಯಾರೂ ಗೆಲ್ಲಲಿಲ್ಲ. ಆದರೆ ಹಾರ್ವರ್ಡಿನವರ ಮನಸ್ಸು ಆ ಆಟಕ್ಕೆ ಸೋತಿತು. ಮುಂದೆ ಯೇಲ್ ಕಾಲೇಜಿನ ವಾಲ್ಟರ್ ಕ್ಯಾಂಪ್ ಎಂಬವನು ೧೮೮೦ ಮತ್ತು ೧೮೮೨ರಲ್ಲಿ ಅದಕ್ಕೆ ನಡುಗೆರೆಯನ್ನೂ ಯತ್ನಗಳ ಲೆಕ್ಕವನ್ನೂ ತಂದು ತನ್ನ ದೇಶದ್ದನ್ನಾಗಿ ಮಾಡಿದನು. ಅಮೆರಿಕೆಯವರು ‘ನಮ್ಮದೇ’ ಎಂದು ಎದೆ ತಟ್ಟಿಕೊಳ್ಳುವ ಆಟವು ಅತಿಥಿಗಳು ಬಿಟ್ಟುಹೋದ ಗಂಟೆಂಬುದನ್ನು ಅವರಲ್ಲಿಯೇ ಅನೇಕರು ಅರಿಯರು. ಆಟ ಬಹಳ ಕ್ರೂರವೂ ಆಗಿದ್ದಿತು. ಆಟಗಾರರ ಸಾವುನೋವುಗಳನ್ನು ಕಂಡು ೧೯೦೫ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರೇ ಕಾಲೇಜಿನವರನ್ನು ಕರೆಯಿಸಿ ಎಚ್ಚರಿಕೆ ಹೇಳಬೇಕಾಯಿತು. ಚೆಂಡನ್ನು ಮುಂದಕ್ಕೆ ಎಸೆಯಲು ೧೯೦೬ರಲ್ಲಿ ಅನುಮತಿ ದೊರೆತದ್ದು ಆ ಗದ್ದಲದ ಫಲ.

ಹೀಗೆ ತಿದ್ದಿಕೊಂಡ ಆಟವು ಮರುವರ್ಷವೇ ಹಡಗು ಹತ್ತಿತು. ೧೯೦೭ರ ಕ್ರಿಸ್‌ಮಸ್ ದಿನ ಲೂಸಿಯಾನಾ ಸಂಸ್ಥಾನದ ವಿಶ್ವವಿದ್ಯಾಲಯದ ತಂಡವು ಕ್ಯೂಬಾದ ರಾಜಧಾನಿಯಾದ ಹವಾನಾದಲ್ಲಿ ಅಲ್ಲಿಯ ವಿಶ್ವವಿದ್ಯಾಲಯದ ಹುಡುಗರೊಡನೆ ಆಡಿ, ೫೬ಕ್ಕೆ ಸೊನ್ನೆಯಂತೆ ಗೆದ್ದಿತು. ಇದನ್ನು ಪಂದ್ಯವೆನ್ನುವುದಕ್ಕಿಂತ ಪ್ರದರ್ಶನವೆನ್ನುವುದೇ ಲೇಸು. ಮೂವತ್ತು ವರ್ಷಗಳ ತರುವಾಯ, ೧೯೩೭ರ ಜನವರಿ ೧ರಂದು, ಅದೇ ಊರಲ್ಲಿ ಆಬರ್ನ್ ಮತ್ತು ವಿಲನೋವಾ ಎಂಬ ಎರಡು ಅಮೆರಿಕನ್ ಕಾಲೇಜುಗಳು ಆಡಿ ೭-೭ರಂತೆ ಸಮಸಮವಾದವು. ಕಾರ್ಯಕ್ರಮಪತ್ರಿಕೆಯಲ್ಲಿ ದಂಡನಾಯಕ ಬಟಿಸ್ಟಾನ ಭಾವಚಿತ್ರ ಇಲ್ಲವೆಂಬ ಕಾರಣಕ್ಕೆ ಆ ಆಟವೇ ನಿಂತುಹೋಗುವುದರಲ್ಲಿತ್ತು, ಅವಸರದಿಂದ ಮತ್ತೆ ಅಚ್ಚು ಹಾಕಿಸಿ ಸಂಭಾಳಿಸಿದರು ಎಂಬ ಕಥೆಯಿದೆ. ನಮ್ಮಲ್ಲಿಯೂ ಗಣ್ಯರ ಹೆಸರು ಬಿಟ್ಟುಹೋದ ಆಮಂತ್ರಣಪತ್ರಿಕೆಯ ಗತಿ ಬೇರೆಯಾಗಿಲ್ಲ! ಇರಲಿ. ಇಲ್ಲಿ ಗಮನಿಸತಕ್ಕದ್ದೆಂದರೆ, ಮೊದಲ ಸಲ ಎದುರಿಗೆ ಕ್ಯೂಬಾದವರಿದ್ದರು. ಮೂವತ್ತು ವರ್ಷಗಳ ಮೇಲೆ ಎರಡು ಕಡೆಗೂ ಅಮೆರಿಕೆಯವರೇ ಆದರು. ಆಟ ಬಂದಿತ್ತು, ಹೋಯಿತು, ಬೇರು ಬಿಡಲಿಲ್ಲ.

ಇನ್ನು ನಮ್ಮ ಕಡೆಯ ಮಾತು. ಕನ್ನಡ ನಾಡಿನಿಂದ ಕ್ರೀಡೆಗಾಗಿ ಕಡಲು ದಾಟಿದವರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರ ಹೆಸರು ಮೊದಲು ಬರತಕ್ಕದ್ದು. ಪುಣೆಯ ಡೆಕ್ಕನ್ ಜಿಮಖಾನಾ ಮತ್ತು ಸರ್ ದೊರಾಬಜಿ ಟಾಟಾ ಇವರ ಯತ್ನದಿಂದ ಹೋದ ಚಿಕ್ಕ ತಂಡದಲ್ಲಿ ಅವರಿದ್ದು, ೧೯೨೦ರಲ್ಲಿ ಬೆಲ್ಜಿಯಮ್ಮಿನ ಆಂಟ್ವರ್ಪದಲ್ಲಿ ನಡೆದ ಒಲಿಂಪಿಕ್ಸಿನ ಮ್ಯಾರಥಾನ್ ಓಟವನ್ನು ೨ ತಾಸು ೫೦ ಮಿನಿಟುಗಳಲ್ಲಿ ಓಡಿ ಹತ್ತೊಂಬತ್ತನೆಯವರಾದರು. ನಮ್ಮ ಪಾಠಪುಸ್ತಕಗಳಲ್ಲಿ ಅವರ ಚಿತ್ರವೊಂದು ಇರಬೇಕಾಗಿತ್ತೆಂದು ನನಗೆ ಅನಿಸುವುದುಂಟು. ಆದರೆ ಅಲ್ಲಿ ಹೋದದ್ದು ಮನುಷ್ಯ, ಆಟವಲ್ಲ. ಅವರು ಓಡಿದ್ದು ಗ್ರೀಕರ ಕಥೆಯಿಂದ ಹುಟ್ಟಿದ ಓಟವನ್ನು. ನಮ್ಮ ಆಟವೇ ಹಡಗು ಹತ್ತಲು ಇನ್ನೂ ಹದಿನಾರು ವರ್ಷ ಹಿಡಿಯಿತು.

ಆ ಪ್ರಸಂಗ ೧೯೩೬ರ ಬರ್ಲಿನ್ ಒಲಿಂಪಿಕ್ಸಿನದು. ಹಿಟ್ಲರನ ಆಡಳಿತವು ತನ್ನ ವೈಭವವನ್ನು ಜಗತ್ತಿಗೆ ತೋರಿಸಲೆಂದು ಹೂಡಿದ ಆ ಉತ್ಸವಕ್ಕೆ ಅಮರಾವತಿಯ ಹನುಮಾನ ವ್ಯಾಯಾಮ ಪ್ರಸಾರಕ ಮಂಡಳದ ತಂಡವೊಂದು ಹೋಯಿತು. ೧೯೧೪ರಲ್ಲಿ ವೈದ್ಯ ಬಂಧುಗಳು ಸ್ಥಾಪಿಸಿದ ಈ ಸಂಸ್ಥೆಯ ತರುಣರು ಅಲ್ಲಿ ನಮ್ಮ ಹುತುತುವನ್ನು ಆಡಿ ತೋರಿಸಿದರು. ಸ್ಪರ್ಧೆಯಾಗಿ ಅಲ್ಲ, ಪ್ರದರ್ಶನವಾಗಿ. ಉಸಿರು ಬಿಡದೆ ಒಂದೇ ಶಬ್ದವನ್ನು ಜಪಿಸುತ್ತ ಒಬ್ಬನು ಹಲವರ ನಡುವೆ ನುಗ್ಗುವುದನ್ನು ಕಂಡು ಆ ಜನಕ್ಕೆ ಏನೆನ್ನಿಸಿತೋ, ಊಹೆಗೆ ಬಿಟ್ಟದ್ದು. ನಮ್ಮ ದೇಶದಲ್ಲಿ ಮಾತ್ರ ಅದರ ಸದ್ದು ಹೆಚ್ಚು ಏಳಲಿಲ್ಲ. ಆಗಸ್ಟ ೧೫ರಂದು ಧ್ಯಾನಚಂದರ ತಂಡ ಹಾಕಿಯಲ್ಲಿ ಜರ್ಮನಿಯನ್ನು ೮-೧ರಂತೆ ಸೋಲಿಸಿದ ಸುದ್ದಿಯೇ ಎಲ್ಲರ ಬಾಯಲ್ಲಿ ನಿಂತಿತು. ಪರರ ಆಟದಲ್ಲಿ ನಾವು ಗೆದ್ದದ್ದು ನೆನಪಿನಲ್ಲಿ ಉಳಿಯಿತು. ನಮ್ಮ ಆಟವನ್ನು ನಾವು ಆಡಿ ತೋರಿಸಿದ್ದು ಮರೆಯಿತು.

ಅದೇ ಬರ್ಲಿನ್ನಿನಲ್ಲಿ ಅಮೆರಿಕೆಯ ಎರಡು ಆಟಗಳೂ ಇದ್ದವೆಂಬುದು ಸ್ವಾರಸ್ಯದ ವಿಷಯ. ಅವರ ಕಾಲೇಜು ಫುಟ್‌ಬಾಲು ನಾಲ್ಕು ವರ್ಷ ಹಿಂದೆ ಲಾಸ್ ಎಂಜಲಿಸ್ ಒಲಿಂಪಿಕ್ಸಿನಲ್ಲಿ ಪ್ರದರ್ಶನಗೊಂಡಿತ್ತು. ಪೂರ್ವದ ಮೂರು ಕಾಲೇಜುಗಳ ತಂಡವನ್ನು ಪಶ್ಚಿಮದ ಮೂರು ಕಾಲೇಜುಗಳ ತಂಡ ೭-೬ರಂತೆ ಸೋಲಿಸಿತು. ಬೇರೆ ದೇಶದವರು ನೋಡಿ ಸುಮ್ಮನಾದರು. ಬರ್ಲಿನ್ನಿಗೆ ಅವರು ತಂದದ್ದು ಬೇಸ್‌ಬಾಲನ್ನು. ಆಗಸ್ಟ ೧೨ರ ರಾತ್ರಿ ದೀಪಗಳ ಬೆಳಕಿನಲ್ಲಿ ಸುಮಾರು ಲಕ್ಷ ಜನ ಆ ಆಟವನ್ನು ನೋಡಿದರು. ಎರಡೂ ತಂಡಗಳು ಅಮೆರಿಕೆಯವೇ. ಅಷ್ಟು ದೊಡ್ಡ ಜನಸಮೂಹದ ಮುಂದೆ ನಡೆದರೂ ಜರ್ಮನಿಯ ಓಣಿಗಳಲ್ಲಿ ಬೇಸ್‌ಬಾಲು ಕಾಲ್ಚೆಂಡಿನ ಜಾಗ ಹಿಡಿಯಲಿಲ್ಲ.

ಎರಡನೆಯದು ಬಾಸ್ಕೆಟ್‌ಬಾಲು. ಅದರ ಕಥೆ ಬೇರೆ. ಅದು ಪ್ರದರ್ಶನವಾಗಿ ಅಲ್ಲ, ಪದಕದ ಸ್ಪರ್ಧೆಯಾಗಿ ಅಲ್ಲಿಗೆ ಬಂದಿತು. ಇಪ್ಪತ್ತೊಂದು ದೇಶಗಳ ತಂಡಗಳು ಆಡಿದವು. ಮಣ್ಣಿನ ಅಂಗಳ, ಕೊನೆಯ ದಿನ ಸುರಿದ ಮಳೆ. ಚೆಂಡು ಪುಟಿಯದೆ ಅಮೆರಿಕೆಯವರು ಕೆನಡಾದವರನ್ನು ಸೋಲಿಸಿದ್ದು ಕೇವಲ ೧೯-೮ರಂತೆ. ಆ ಆಟವನ್ನು ಕಲ್ಪಿಸಿದ ಜೇಮ್ಸ್ ನೈಸ್ಮಿತ್ ಎಂಬ ಮುದುಕರು ಪ್ರೇಕ್ಷಕರಲ್ಲಿದ್ದರು. ಅವರ ಪ್ರಯಾಣದ ವೆಚ್ಚವನ್ನು ಅಮೆರಿಕೆಯ ಆಟದ ಶಿಕ್ಷಕರು ವಂತಿಗೆ ಕೂಡಿಸಿ ಕೊಟ್ಟಿದ್ದರಂತೆ. ಶಿಕ್ಷಕನ ಖರ್ಚನ್ನು ಶಿಕ್ಷಕರೇ ಹೊರಬೇಕೆಂಬುದು ಎಲ್ಲ ದೇಶಗಳ ಪದ್ಧತಿಯೆಂದು ತೋರುತ್ತದೆ.

ಈ ನೈಸ್ಮಿತ್ತರು ಯಾರು? ಅದೇ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ಓದಿದ ಕೆನಡಾದವರು. ಅಮೆರಿಕೆಯ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ವೈ. ಎಂ. ಸಿ. ಎ. ಸಂಸ್ಥೆಯ ವ್ಯಾಯಾಮ ಶಿಕ್ಷಕರ ಶಾಲೆಯಲ್ಲಿದ್ದು, ಅಲ್ಲಿಯ ಫುಟ್‌ಬಾಲ್ ತಂಡದಲ್ಲಿ ಆಡುತ್ತಿದ್ದರು. ಚಳಿಗಾಲದಲ್ಲಿ ಫುಟ್‌ಬಾಲ್ ನಿಂತು ಹುಡುಗರು ಕೋಣೆಯೊಳಗೆ ಕುಳಿತು ಬೇಸತ್ತಾಗ, ಅವರಿಗಾಗಿ ೧೮೯೧ರ ಡಿಸೆಂಬರಿನಲ್ಲಿ ಎರಡು ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿ, ಹದಿಮೂರು ನಿಯಮಗಳನ್ನು ಬರೆದು ಗೋಡೆಗೆ ಹಚ್ಚಿದರು. ನಾಲ್ಕು ವರ್ಷಗಳ ನಂತರ ಅದೇ ಶಾಲೆಯಲ್ಲಿ ಕಲಿತ ವಿಲಿಯಂ ಮಾರ್ಗನ್ ಎಂಬವರು ಹತ್ತಿರದ ಹೋಲಿಯೋಕ್ ಊರಿನಲ್ಲಿ ವಾಲಿಬಾಲನ್ನು ಹುಟ್ಟಿಸಿದರು. ಅದಕ್ಕೆ ಅವರಿಟ್ಟ ಹೆಸರು ‘ಮಿಂಟೊನೆಟ್’. ಮರುವರ್ಷವೇ ಬೇರೆಯವರು ನೋಡಿ, ಈ ಹೆಸರು ಬೇಡವೆಂದು ಬದಲಿಸಿದರು. ಹೆಸರು ಹೋಯಿತು, ಆಟ ಉಳಿಯಿತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಕೆಲಸವಿದೆ.

ಸ್ಪ್ರಿಂಗ್‌ಫೀಲ್ಡಿನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಎಂಬವರು ಮದರಾಸಿಗೆ ಬಂದು ೧೯೨೦ರಲ್ಲಿ ವ್ಯಾಯಾಮ ಶಿಕ್ಷಕರ ಶಾಲೆಯನ್ನು ತೆರೆದರು. ಅವರು ತಂಡವನ್ನು ತರಲಿಲ್ಲ, ಪಂದ್ಯವನ್ನು ತೋರಿಸಿ ಮರಳಲಿಲ್ಲ. ೧೯೪೩ರಲ್ಲಿ ತೀರಿಕೊಳ್ಳುವತನಕ ಮದರಾಸಿನಲ್ಲಿಯೇ ಇದ್ದು ಶಿಕ್ಷಕರನ್ನು ತಯಾರಿಸಿದರು. ೧೯೨೪ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿಗೆ ಹೋದ ಭಾರತದ ತಂಡದ ಮೇಲ್ವಿಚಾರಕರೂ ಅವರೇ. ಅಲ್ಲಿ ತಯಾರಾದವರು ಊರೂರಿನ ಹೈಸ್ಕೂಲುಗಳಿಗೆ ಹೋದರು. ಮುಂಬಯಿ ಸರಕಾರವು ೧೯೩೮ರಲ್ಲಿ ಕಾಂದಿವಲಿಯಲ್ಲಿ ಇಂಥದೇ ಸಂಸ್ಥೆಯನ್ನು ತೆರೆದ ಮೇಲೆ ನಮ್ಮ ಪ್ರಾಂತದಲ್ಲಿಯೂ ಡ್ರಿಲ್ ಮಾಸ್ತರರು ಸಿದ್ಧರಾದರು. ಬಲೆ ಮತ್ತು ಚೆಂಡು ಹಳ್ಳಿಗೆ ಬಂದದ್ದು ಅವರ ಹೆಗಲ ಮೇಲೆ. ಆದುದರಿಂದಲೇ ಇಂದು ಮೈಂದರ್ಗಿಯ ಹುಡುಗನಿಗೆ ವಾಲಿಬಾಲು ಪರದೇಶದ್ದೆಂದರೆ ನಗೆ ಬರುತ್ತದೆ. ಅಮೆರಿಕೆಯ ಫುಟ್‌ಬಾಲು ನಮ್ಮ ಊರನ್ನು ಮುಟ್ಟಲಿಲ್ಲ. ಫುಟ್‌ಬಾಲಿನವರು ಚಳಿಗಾಲದ ಬೇಸರಕ್ಕೆ ಮಾಡಿಕೊಂಡ ಆಟವೂ, ಅದರ ತಮ್ಮನಾದ ವಾಲಿಬಾಲೂ ಮುಟ್ಟಿದವು.

ಹಾಗಾದರೆ ಆ ಫುಟ್‌ಬಾಲು ಎಲ್ಲಿಯೂ ಬೇರು ಬಿಡಲಿಲ್ಲವೆ? ಜಪಾನಿನಲ್ಲಿ ಬಿಟ್ಟಿತು. ಅಲ್ಲಿಯೂ ಕಾರಣ ಒಬ್ಬ ಮಾಸ್ತರನೇ. ೧೯೨೩ರ ಭೂಕಂಪದ ಬಳಿಕ ಸೇವಾಕಾರ್ಯಕ್ಕೆಂದು ಬಂದು, ಟೋಕಿಯೋದ ರಿಕ್ಕಿಯೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತ ನಿಂತ ಪಾಲ್ ರಷ್ ಎಂಬವರು, ಅಮೆರಿಕೆಯಲ್ಲಿ ಹುಟ್ಟಿ ಓದಲು ಬಂದಿದ್ದ ಜಪಾನೀ ಹುಡುಗರನ್ನು ಕೂಡಿಸಿ, ೧೯೩೪ರಲ್ಲಿ ರಿಕ್ಕಿಯೋ, ವಾಸೆದಾ ಮತ್ತು ಮೇಜಿ ವಿಶ್ವವಿದ್ಯಾಲಯಗಳ ಒಕ್ಕೂಟವನ್ನು ಕಟ್ಟಿದರು. ಯುದ್ಧಕಾಲದಲ್ಲಿ ಶತ್ರುದೇಶದ ಶಬ್ದ ಬೇಡವೆಂದು ಆಟಕ್ಕೆ ‘ಕವಚದ ಚೆಂಡು’ ಎಂಬ ಅರ್ಥದ ಜಪಾನೀ ಹೆಸರನ್ನು ಇಟ್ಟುಕೊಂಡರು. ಯುದ್ಧ ಮುಗಿದು ೧೯೪೭ರಲ್ಲಿ ಕೋಶಿಯೆನ್ ಎಂಬಲ್ಲಿ ಆರಂಭವಾದ ಅವರ ಕಾಲೇಜುಗಳ ದೊಡ್ಡ ಪಂದ್ಯವು ಇಂದಿಗೂ ನಡೆಯುತ್ತಿದೆ.

ಅದೇ ಟೋಕಿಯೋಕ್ಕೆ ಅಮೆರಿಕೆಯ ಕಾಲೇಜು ತಂಡಗಳೂ ಹಲವು ಸಲ ಬಂದವು. ೧೯೭೬ರ ಸೆಪ್ಟೆಂಬರಿನಲ್ಲಿ ಕರಿಯ ಜನಾಂಗದವರ ಶಿಕ್ಷಣಕ್ಕೆಂದು ನಡೆದುಬಂದ ಗ್ರ್ಯಾಂಬ್ಲಿಂಗ್ ಮತ್ತು ಮಾರ್ಗನ್ ಎಂಬೆರಡು ಕಾಲೇಜುಗಳು ಅಲ್ಲಿ ಆಡಿದವು. ಗ್ರ್ಯಾಂಬ್ಲಿಂಗ್ ೪೨-೧೬ರಂತೆ ಗೆದ್ದಿತು. ಮರುವರ್ಷದಿಂದ ಮಿತ್ಸುಬಿಷಿ ಕಂಪನಿಯು ತನ್ನ ಹೊಸ ಮೋಟಾರಿನ ಹೆಸರಿನಲ್ಲಿ ಇಂಥ ಪಂದ್ಯಗಳನ್ನು ನಡೆಸತೊಡಗಿತು. ೧೯೮೮ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರವು ತನ್ನ ಸಾವಿರ ವರ್ಷದ ಉತ್ಸವವನ್ನು ಆಚರಿಸಿದಾಗ ಬಾಸ್ಟನ್ ಕಾಲೇಜು ಸೈನಿಕ ವಿದ್ಯಾಲಯದ ತಂಡವನ್ನು ೩೮-೨೪ರಂತೆ ಅಲ್ಲಿ ಸೋಲಿಸಿತು. ೨೦೧೨ರಲ್ಲಿ ಅದೇ ನಗರದಲ್ಲಿ ನಾಟ್ರ್‌ಡೇಮ್ ಮತ್ತು ನೌಕಾ ವಿದ್ಯಾಲಯಗಳ ಪಂದ್ಯ ನೋಡಲು ಸುಮಾರು ೩೫,೦೦೦ ಜನ ಅಮೆರಿಕೆಯಿಂದಲೇ ಬಂದಿದ್ದರಂತೆ. ಆಡುವವರೂ ತಮ್ಮವರು, ನೋಡುವವರೂ ಬಹುಮಟ್ಟಿಗೆ ತಮ್ಮವರು! ಇದಕ್ಕೆ ಜಾತ್ರೆಯ ಸೊಗಸಿದೆ, ನಿಜ. ಊರಿನ ದೇವರ ಪಲ್ಲಕ್ಕಿ ಪರವೂರಿಗೆ ಹೋದಾಗ ಊರವರೆಲ್ಲ ಹಿಂದೆ ಹೊರಡುವುದಿಲ್ಲವೆ? ಪಲ್ಲಕ್ಕಿಯೊಡನೆ ಜನವೂ ಮರಳುವುದು.

ಈಗ ಹುತುತುವಿಗೆ ಬರೋಣ. ಬರ್ಲಿನ್ನಿಗೆ ಹೋದಾಗ ಅದಕ್ಕೆ ಇಡೀ ದೇಶಕ್ಕೆ ಒಪ್ಪಿಗೆಯಾದ ಒಂದು ಹೆಸರೂ ಇರಲಿಲ್ಲ, ಒಂದು ಕಟ್ಟಳೆಯೂ ಇರಲಿಲ್ಲ. ನಮ್ಮಲ್ಲಿ ಹುತುತು, ತಮಿಳರಲ್ಲಿ ಚಡುಗುಡು, ಬಂಗಾಲಿಗಳಲ್ಲಿ ಹಾಡುಡು. ಸತ್ತವನು ಮತ್ತೆ ಏಳುವ ಸಂಜೀವನಿ, ಏಳದ ಗಾಮಿನಿ, ಸಾಯದೆಯೇ ಆಡುವ ಅಮರ ಎಂದು ಬಗೆಗಳು ಬೇರೆ. ೧೯೨೩ರಲ್ಲಿ ಬಡೋದೆಯ ಹಿಂದ್ ವಿಜಯ ಜಿಮಖಾನಾ ನಿಯಮಗಳನ್ನು ಅಚ್ಚು ಹಾಕಿಸಿ ಪಂದ್ಯ ನಡೆಸಿದ್ದುಂಟು. ೧೯೩೮ರಲ್ಲಿ ಕಲಕತ್ತೆಯಲ್ಲಿ ನಡೆದ ಅಖಿಲ ಭಾರತ ಕ್ರೀಡಾಕೂಟಕ್ಕೆ ಈ ಆಟ ಸೇರಿತು. ೧೯೫೦ರಲ್ಲಿ ಅಖಿಲ ಭಾರತ ಸಂಘವು ಸ್ಥಾಪನೆಯಾಗಿ, ಸಂಜೀವನಿಯ ಪದ್ಧತಿಯನ್ನು ತಳಹದಿಯಾಗಿಟ್ಟು, ಎಲ್ಲರಿಗೂ ಒಂದೇ ಕಟ್ಟಳೆಯನ್ನೂ ‘ಕಬಡ್ಡಿ’ ಎಂಬ ಒಂದೇ ಹೆಸರನ್ನೂ ಗೊತ್ತುಮಾಡಿತು. ೧೯೫೨ರಲ್ಲಿ ಮದರಾಸಿನಲ್ಲಿ ಗಂಡಸರ, ೧೯೫೫ರಲ್ಲಿ ಕಲಕತ್ತೆಯಲ್ಲಿ ಹೆಂಗಸರ ರಾಷ್ಟ್ರೀಯ ಪಂದ್ಯಗಳು ಆರಂಭವಾದವು. ಮಿಂಟೊನೆಟ್ಟಿನ ಗತಿಯೇ ಹುತುತುವಿಗೂ ಆಯಿತು. ಉಸಿರು ಹಿಡಿದು ಹೇಳಬೇಕಾದ ಶಬ್ದವೂ ‘ಕಬಡ್ಡಿ’ಯೇ ಆಗಬೇಕೆಂದು ನಿಯಮ. ನಮ್ಮ ಹುಡುಗರು ತಾಲೂಕಿನ ಪಂದ್ಯಕ್ಕೆ ಹೋಗುವ ಮುನ್ನ ನಾನು ಎಂಟು ದಿನ ಮೊದಲಿನಿಂದ ಅವರ ನಾಲಗೆ ತಿದ್ದಬೇಕು. ಬಾಯಿ ತಪ್ಪಿ ‘ಹುತುತು’ ಎಂದರೆ ಪಂಚರು ಸೀಟಿ ಊದುವರು. ಈ ತಿದ್ದುವ ಕೆಲಸ ನನಗೆ ಹಿತವಾದುದಲ್ಲ. ಆದರೂ ಹೆಸರು ಒಂದಾಗದೆ, ನಿಯಮ ಒಂದಾಗದೆ ಆಟವನ್ನು ಪರರಿಗೆ ಕಲಿಸುವುದು ಹೇಗೆಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಕಲಿಸಿದ್ದು ನಿಯಮ ಒಂದಾದ ಮೇಲೆಯೇ. ಪ್ರಾಧ್ಯಾಪಕ ಸುಂದರರಾಮ್ ಎಂಬವರನ್ನು ೧೯೭೯ರಲ್ಲಿ ಜಪಾನಿಗೆ ಕಳುಹಿಸಲಾಯಿತು. ಅವರ ಜೊತೆಗೆ ತಂಡವಿರಲಿಲ್ಲ, ಬ್ಯಾಂಡಿರಲಿಲ್ಲ. ಅವರು ಎರಡು ತಿಂಗಳು ತಿರುಗಿ ಆಟವನ್ನು ಕಲಿಸಿ ಬಂದರು. ಹನ್ನೊಂದು ವರ್ಷಗಳ ತರುವಾಯ, ೧೯೯೦ರಲ್ಲಿ ಬೀಜಿಂಗಿನ ಏಷಿಯಾ ಕ್ರೀಡಾಕೂಟದಲ್ಲಿ ಕಬಡ್ಡಿಗೆ ಮೊದಲ ಸಲ ಪದಕದ ಸ್ಥಾನ ದೊರೆತಾಗ ಜಪಾನಿನ ತಂಡವೂ ಅಲ್ಲಿ ಆಡಿತು. ೨೦೧೦ರಲ್ಲಿ ಕಂಚಿನ ಪದಕವನ್ನೂ ಪಡೆಯಿತು. ಬರ್ಲಿನ್ನಿನ ಪ್ರದರ್ಶನದಿಂದ ಆಗದಿದ್ದುದು ಎರಡು ತಿಂಗಳ ಪಾಠದಿಂದ ಆಯಿತೆಂದರೆ ಅಮರಾವತಿಯ ತರುಣರಿಗೆ ಅಗೌರವ ಮಾಡಿದಂತಲ್ಲ. ಅವರು ತೋರಿಸಲು ಹೋಗಿದ್ದರು, ತೋರಿಸಿದರು.

೧೯೯೦ರಿಂದ ೨೦೧೪ರವರೆಗೆ ಏಳು ಕೂಟಗಳಲ್ಲಿ ಗಂಡಸರ ಚಿನ್ನ ಭಾರತಕ್ಕೇ ಬಂದಿತು. ಎಂಟನೆಯ ಸಲ, ೨೦೧೮ರಲ್ಲಿ, ಜಕಾರ್ತಾದಲ್ಲಿ ಇರಾನದವರು ಉಪಾಂತ್ಯದಲ್ಲಿ ನಮ್ಮನ್ನು ೨೭-೧೮ರಂತೆ ಸೋಲಿಸಿದರು. ಅವರ ತಂಡದ ಫಜಲ್ ಅತ್ರಾಚಲಿ ಮುಂಬಯಿಯ ತಂಡದ ಪರವಾಗಿ ಆಡಿ ನಮ್ಮ ಜನರಿಗೆ ಚೆನ್ನಾಗಿ ಪರಿಚಯವಾಗಿದ್ದವರು. ಮರುದಿನ, ಆಗಸ್ಟ ೨೪ರಂದು, ಹೆಂಗಸರ ಕೊನೆಯ ಪಂದ್ಯದಲ್ಲಿಯೂ ಇರಾನವೇ ೨೭-೨೪ರಂತೆ ಗೆದ್ದಿತು. ತಲೆಗೆ ವಸ್ತ್ರ ಕಟ್ಟಿಕೊಂಡು ಆಡಿದ ಆ ಹೆಣ್ಣುಮಕ್ಕಳಿಗೆ ಕಲಿಸಿದವರು ನಾಸಿಕದ ಶೈಲಜಾ ಜೈನ್ ಎಂಬ ಬಾಯಿಯವರು. ನಮ್ಮ ಜಿಲ್ಲೆಯಿರುವ ಮಹಾರಾಷ್ಟ್ರದವರೇ. ಆಗ ನಮ್ಮಲ್ಲಿ ಕೆಲವರು, ಹೊರಗಿನವರಿಗೆ ಕಲಿಸಿದ್ದೇ ತಪ್ಪಾಯಿತು ಎಂದು ಆಡಿಕೊಂಡದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಕಲಿಸುವುದೇ ಕಸುಬಾದ ನನಗೆ ಆ ಮಾತು ಮುಳ್ಳಿನಂತೆ ನಟ್ಟಿತು. ಶಿಷ್ಯನು ಸರಿಸಮನಾಗಿ ನಿಲ್ಲಬಾರದೆಂದಾದರೆ ಪಾಟಿ ಬಳಪ ಯಾತಕ್ಕೆ? ಹಾರ್ವರ್ಡಿನವರಿಗೆ ಮೆಗಿಲ್ಲಿನವರು ಕೊಟ್ಟದ್ದನ್ನು ತಿರುಗಿ ಕೇಳಲಿಲ್ಲ. ಮುಂದಿನ ಕೂಟದಲ್ಲಿ, ೨೦೨೩ರಲ್ಲಿ ಹಾಂಗ್‌ಝೌದಲ್ಲಿ, ಎರಡೂ ಚಿನ್ನಗಳನ್ನು ಭಾರತವು ಮರಳಿ ಪಡೆಯಿತೆಂಬುದನ್ನೂ ಹೇಳಬೇಕು. ಆದರೆ ಇನ್ನು ಮೇಲೆ ಅವು ಪ್ರತಿಸಲವೂ ದುಡಿದೇ ಪಡೆಯಬೇಕಾದವು.

ಇಷ್ಟನ್ನೆಲ್ಲ ಹುಡುಗನಿಗೆ ಹೇಗೆ ಹೇಳುವುದು? ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಕಟ್ಟೆಯ ಮೇಲೆ ಕೂಡಿಸಿಕೊಂಡು, ಜಪಾನಿಗೆ ಹೋದ ಪ್ರಾಧ್ಯಾಪಕರ ಕಥೆಯನ್ನೂ ಇರಾನಕ್ಕೆ ಹೋದ ಬಾಯಿಯವರ ಕಥೆಯನ್ನೂ ಹೇಳಿದೆ. ಅಲ್ಲಿಯ ಹುಡುಗಿಯರು ಗೆರೆ ದಾಟುವಾಗ ಏನನ್ನುತ್ತಾರೆಂದು ಕೇಳಿದ. ಕಬಡ್ಡಿ ಎನ್ನುತ್ತಾರೆ, ನಿಯಮವೇ ಹಾಗಿದೆ ಎಂದೆ. ಸ್ವಲ್ಪ ಹೊತ್ತು ಕಾಲಿನಿಂದ ಮಣ್ಣು ಕೆರೆಯುತ್ತ ನಿಂತು, “ಹಂಗಾರ ಹುತುತು ಅಂತ ನಾವಷ್ಟ ಅಂತೀವೇನ್ರಿ?” ಎಂದ. ಹೌದೆಂದೆ. ಅವನು ಓಡಿಹೋಗಿ ಪಂಗಡ ಸೇರಿದ. ಗೆರೆ ಆಗಲೇ ಮೂಡಿತ್ತು.